ಬಚ್ಚಲುಮನೆ ಟೈಲ್ಸ್ ಯಾಕೆ ತೋರಿಸ್ತಿದ್ದೀನಿ ಅಂದ್ರೆ



ಎರಡು ತಿಂಗಳಿಂದ ನನ್ನ ಪೇಜ್‌ನಲ್ಲಿ ಹೋರಾಟದ ಪೋಸ್ಟರ್‌ಗಿಂತ ಜಲ್ಲಿ, ಇಟ್ಟಿಗೆ, ಸೆಂಟ್ರಿಂಗ್ ಹಲಗೆಗಳೇ ಜಾಸ್ತಿ ಕಾಣ್ತಿವೆ ಅನ್ನೋದು ಕೆಲವು ಸಂಗಾತಿಗಳ ದೂರು. ಹಿರಿಯರೊಬ್ಬರು ಮೊನ್ನೆ ಸಭೆ ಮುಗಿದ ಮೇಲೆ ಪಕ್ಕಕ್ಕೆ ಕರೆದು, "ಏನಪ್ಪಾ, ಒಳಮೀಸಲಾತಿ ಬಗ್ಗೆ ಬರೀತಿದ್ದವನು ಈಗ ಬಚ್ಚಲುಮನೆ ಟೈಲ್ಸ್ ತೋರಿಸ್ತಿದೀಯಲ್ಲ" ಅಂದರು. ಪ್ರೀತಿಯಿಂದಲೇ ಅಂದರು, ಆದರೂ ಚುಚ್ಚಿತು. ನಿಂತ ಕಾಲಲ್ಲಿ ಉತ್ತರ ಕೊಡುವ ಮಾತಲ್ಲ ಇದು. ಬಿಡಿಸಿ ಬರೀತೀನಿ. ಉದ್ದ ಇದೆ, ಪುರುಸೊತ್ತಲ್ಲಿ ಓದಿ.

ಮೊದಲು ಮನೆ ವಿಚಾರ. ಯಲಹಂಕದಿಂದ ಆಚೆ, ಬಳ್ಳಾರಿ ರಸ್ತೆಯಿಂದ ಒಳಗೆ, ಊರಿಗೆ ಅಂಟಿಕೊಂಡೂ ಅಂಟಿಕೊಳ್ಳದ ಹಾಗಿರುವ ಕಾಲೋನಿ ನಮ್ದು. ದೇವರಾಜ ಅರಸು ಕಾಲದಲ್ಲಿ ಸೈಟು ಹಂಚಿ ಜನತಾ ಮನೆ ಕಟ್ಟಿಸಿದರಲ್ಲ, ಆ ಸಾಲಿನ ಮನೆ. ಸೈಜುಗಲ್ಲಿನ ಗೋಡೆ, ಮಣ್ಣಿನ ಗಾರೆ, ಮೇಲೆ ಕಲ್ಲು ಚಪ್ಪಡಿ. ಒಂದು ರೂಮು, ಒಂದು ಒಲೆ ಮೂಲೆ, ಭಾಗ್ಯಜ್ಯೋತಿಯ ಒಂದೇ ಒಂದು ಬಲ್ಬು. ಅಪ್ಪ ಅವ್ವ ಇಬ್ಬರೂ ದ್ರಾಕ್ಷಿ ತೋಟದ ಕೂಲಿ. (ಈ ಕಡೆಯ ಬೆಂಗಳೂರು ನೀಲಿ ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಸೂಚಕ ಸಿಕ್ತು. ಹಣ್ಣಿಗೆ ಊರಿನ ಹೆಸರು ಬಂತು, ಹಣ್ಣು ಕಿತ್ತವರ ಹೆಸರು ಯಾರಿಗೂ ಬೇಕಾಗಲಿಲ್ಲ. ಇರಲಿ, ಅದು ಬೇರೆ ಪೋಸ್ಟು.) 2008ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ನಮ್ಮ ಸುತ್ತ ಏನೇನು ಎದ್ದಿದೆ ಅಂತ ಆ ರಸ್ತೆಯಲ್ಲಿ ಓಡಾಡುವ ಎಲ್ಲರಿಗೂ ಗೊತ್ತು. ನಮ್ಮ ಮನೆ ಮಾತ್ರ ಹಾಗೇ ಇತ್ತು, ಪ್ರತಿ ಮಳೆಗಾಲಕ್ಕೆ ಚಪ್ಪಡಿ ಸಂದಿಗೆ ಟಾರು ಹಾಕಿಸಿಕೊಂಡು. ಈಗ ಸಾಲ ಮಾಡಿ, ಎರಡು ಗೋಡೆ ಉಳಿಸಿ, ಮೂಲೆಗಳಲ್ಲಿ ಪಿಲ್ಲರ್ ಎಬ್ಬಿಸಿ, ಚಪ್ಪಡಿ ಇಳಿಸಿ ಆರ್‌ಸಿಸಿ ಹಾಕ್ತಿದೀವಿ. ಇದನ್ನೇ ದಿನಾ ಫೋನಲ್ಲಿ ಹಿಡಿದು ಹಾಕ್ತಿರೋದು.

ಹಳೇ ಮನೆ ಸರಿಮಾಡಿಸೋ ವಿಡಿಯೊಗಳು ಈಗ ದಂಡಿಯಾಗಿ ಬರ್ತಿವೆ. ನೀವೂ ನೋಡಿರ್ತೀರಿ. ತಾತನ ಕಾಲದ ತೊಟ್ಟಿ ಮನೆ, ಪಾಳು ಬಿದ್ದದ್ದು. ಬಾಗಿಲು ಕಿರ್ ಅಂತ ತೆರೆಯುತ್ತೆ, ವೀಣೆ ಬಾರಿಸುತ್ತೆ, ಧೂಳು ಒರೆಸಿದರೆ ಕೆಳಗೆ ಕೆಂಪು ಕಾವಿ ನೆಲ. ಚುಟುಕು ಹೊಡೆದರೆ ಮೊದಲು, ಇನ್ನೊಂದು ಚುಟುಕಿಗೆ ಆಮೇಲೆ. ಅರವತ್ತು ಸೆಕೆಂಡಲ್ಲಿ ಆರು ತಿಂಗಳ ಕೆಲಸ ಮುಗಿದಿರುತ್ತೆ. ನನಗೂ ಇಷ್ಟ, ಸುಳ್ಳು ಹೇಳಲ್ಲ. ಮರದ ಕೆಲಸ, ಹೆಂಚಿನ ಕೆಲಸ ನೋಡ್ತಾ ಕೂತರೆ ಊಟ ಮರೆತುಹೋಗುತ್ತೆ.

ಆದರೆ ಒಂದು ವಿಷಯ ಗಮನಿಸಿ. ಆ ಮನೆಗಳ ನೆನಪು ಹೇಳುವಾಗ ಅಜ್ಜಿ ಇಲ್ಲಿ ಕೂರ್ತಿದ್ದರು, ತಾತ ಇಲ್ಲಿ ಪೂಜೆ ಮಾಡ್ತಿದ್ದರು ಅಂತಾರೆ. ಆ ಗೋಡೆಗೆ ಮಣ್ಣು ತುಳಿದವರು ಯಾರು, ತೊಲೆ ಹೊತ್ತು ತಂದವರು ಯಾರು, ಗೃಹಪ್ರವೇಶ ಆದ ಮಾರನೇ ದಿನದಿಂದ ಯಾರು ಯಾವ ಕಂಬದವರೆಗೆ ಮಾತ್ರ ಬರಬಹುದಿತ್ತು, ಅದು ಬರಲ್ಲ. ನಮ್ಮಜ್ಜಿ ಅಂಥದೊಂದು ಮನೆಗೆ ವರ್ಷಾನುಗಟ್ಟಲೆ ಸಗಣಿ ಹೊತ್ತು ಹಾಕಿದವಳು. ಹಿತ್ತಲ ಬಾಗಿಲಿನಿಂದ ಒಳಗೆ ಏನಿದೆ ಅಂತ ಅವಳಿಗೆ ಸಾಯೋವರೆಗೂ ಗೊತ್ತಿರಲಿಲ್ಲ. ಆ ಮನೆ ಈಗ ರೀಲ್ಸ್‌ನಲ್ಲಿ ಬಂದರೆ ಅದರ ನಡುಮನೆಯನ್ನ ನಮ್ಮ ವಂಶದಲ್ಲೇ ಮೊದಲು ನೋಡುವವನು ನಾನು, ಅದೂ ಫೋನಲ್ಲಿ.

ಹಳೇ ಮನೆ ಉಳಿಸಬೇಡಿ ಅಂತ ಅಲ್ಲ. ಮೈಸೂರಿನ ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಅವರ ಮನೆಯನ್ನ 2011ರಲ್ಲಿ ಒಡೆಯೋಕೆ ಶುರು ಮಾಡಿದ್ದರು. ಪತ್ರಿಕೆಗಳು ಬರೆದವು, ಜನ ಕೂಗಿದರು, ಕೆಲಸ ನಿಂತಿತು. ಪಾಲಿಕೆಯವರು ಸರಿಪಡಿಸಿ 2016ರಲ್ಲಿ ವಸ್ತುಸಂಗ್ರಹಾಲಯ ಮಾಡಿದರು. ಒಳ್ಳೇದೇ ಆಯ್ತು. ನಾನು ಕೇಳ್ತಿರೋದು ಇಷ್ಟೇ, ನಮ್ಮ ಕೇರಿಯಲ್ಲಿ ಮನೆ ಬಿದ್ದಾಗ ಕೂಗೋರು ಯಾರು? ಕವಿ ಸಿದ್ಧಲಿಂಗಯ್ಯನವರು 'ಊರುಕೇರಿ'ಯಲ್ಲಿ ತಾವು ಬೆಳೆದ ಕೇರಿ, ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲು ಎಲ್ಲ ಬರೆದಿಟ್ಟು ಹೋದರು. ಬರೆಯೋ ಶಕ್ತಿ ಇದ್ದ ಕೆಲವರ ಮನೆಗಳು ಹೀಗೆ ಪುಸ್ತಕದಲ್ಲಾದರೂ ನಿಂತವು. ಉಳಿದ ಸಾವಿರಾರು ಮನೆ?

ನಮ್ಮ ಮನೆಗಳ ಫೋಟೊ ಇಲ್ಲವೇ ಇಲ್ಲ ಅಂತಲ್ಲ. ಇವೆ. ತೆಗೆದವರು ಬೇರೆಯವರು.

ಒಂದು, ಸರ್ಕಾರ. ರಾಜೀವ್ ಗಾಂಧಿ ವಸತಿ ನಿಗಮದ ಯೋಜನೆಗಳಲ್ಲಿ ಮನೆ ಕಟ್ಟಿದವರಿಗೆ ಗೊತ್ತು. ತಳಪಾಯ ಆದಾಗ ಒಂದು ಫೋಟೊ, ಗೋಡೆ ಎದ್ದಾಗ ಒಂದು, ಛಾವಣಿಗೆ ಒಂದು, ಮುಗಿದ ಮೇಲೆ ಒಂದು. ಜಿಪಿಎಸ್ ಫೋಟೊ ಅಪ್‌ಲೋಡ್ ಆದರೇನೇ ಕಂತು. ಫಲಾನುಭವಿ ಮನೆ ಮುಂದೆ ಕೈಕಟ್ಟಿ ನಿಂತಿರ್ತಾರೆ, ಅಪರಾಧಿ ಥರ. ಕರ್ನಾಟಕದಲ್ಲಿ ಸ್ಮಾರ್ಟ್‌ಫೋನಲ್ಲಿ ಹಂತ ಹಂತವಾಗಿ ಮನೆ ಕಟ್ಟೋದನ್ನ ದಾಖಲು ಮಾಡೋದು ಇನ್‌ಸ್ಟಾಗ್ರಾಮಿನವರ ಹೊಸ ಐಡಿಯಾ ಏನಲ್ಲ, ಬಡವರು ಬಹಳ ದಿನದಿಂದ ಮಾಡ್ತಾನೇ ಇದ್ದಾರೆ. ಅವರು ಮಾಡೋದು ಲೈಕಿಗಲ್ಲ, ಮುಂದಿನ ಕಂತಿಗೆ. ಆ ಫೋಟೊ ಸರ್ವರ್‌ನಲ್ಲಿ ಇರುತ್ತೆ, ಮನೆಯವರ ಕೈಯಲ್ಲಿ ಒಂದು ಪ್ರತಿನೂ ಇರಲ್ಲ.

ಇನ್ನೊಂದು, ಪತ್ರಿಕೆ. ಅವರು ಬರೋದು ಮನೆ ಸುಟ್ಟ ಮೇಲೆ. ನಮ್ಮ ಕಡೆಯಿಂದ ಹೆಚ್ಚು ದೂರ ಇಲ್ಲ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿ. 2000ದ ಮಾರ್ಚ್ 11ರಂದು ಅಲ್ಲಿ ಏಳು ಜನ ದಲಿತರನ್ನ ಮನೆಯೊಳಗೆ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಕೆಳಗಿನ ಕೋರ್ಟು ಆರೋಪಿಗಳನ್ನ ಬಿಟ್ಟಿತು, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡೀತು. ಕಂಬಾಲಪಲ್ಲಿ ಅಂದರೆ ನಮ್ಮ ಕಣ್ಣಿಗೆ ಬರೋದು ಕರಕಲು ಗೋಡೆ. ಆ ಮನೆ ಮೊದಲು ಹೇಗಿತ್ತು? ಗೋಡೆಗೆ ಯಾವ ಬಣ್ಣ ಬಳಿದಿದ್ದರು, ಬಾಗಿಲ ಮುಂದೆ ರಂಗೋಲಿ ಇತ್ತಾ, ಗೂಡಲ್ಲಿ ಏನಿಟ್ಟಿದ್ದರು? ನಮಗೆ ಗೊತ್ತಿಲ್ಲ. ನಮ್ಮ ಮನೆಗಳು ಚರಿತ್ರೆಗೆ ಬರೋದೇ ಬೂದಿಯಾಗಿ.

ಇದಕ್ಕೇ ನಾನು ಟೈಲ್ಸ್ ತೋರಿಸೋದು.

ಗೋಡೆ ಕೆರೆಯುವಾಗ ಏನು ಸಿಕ್ತು ಅಂತ ಹೇಳಬೇಕು. ಒಳಗೆ ಸುಣ್ಣದ ಪದರ ಏಳೆಂಟು, ಹೆಚ್ಚಿನವು ನೀಲಿ. ಅದು ಸರಿ. ಬೀದಿ ಕಡೆ ಗೋಡೆ ಉಬ್ಬಿಹೋಗಿತ್ತು, ಅದನ್ನ ಉಳಿಸೋಕೆ ಆಗಲ್ಲ ಅಂತ ಮೇಸ್ತ್ರಿ ಮೊದಲೇ ಹೇಳಿದ್ದ. ಸಾರಣೆ ಉದುರಿಸುವಾಗ ಒಳಗಿನ ಪದರದಲ್ಲಿ ಕೆಮ್ಮಣ್ಣಿನ ಬಣ್ಣದ ದಪ್ಪ ಅಕ್ಷರ ಕಂಡವು. 'ದಲಿತ ಸಂ' ಅನ್ನೋವರೆಗೂ ಓದಬಹುದು, ಮುಂದಿನದು ಆಮೇಲೆ ಕಿಟಕಿ ಮಾಡಿಸಿದಾಗ ಹೋಗಿದೆ. ಪ್ರೊ. ಬಿ. ಕೃಷ್ಣಪ್ಪನವರೂ ಗೆಳೆಯರೂ 70ರ ದಶಕದಲ್ಲಿ ಕಟ್ಟಿದ ದಲಿತ ಸಂಘರ್ಷ ಸಮಿತಿ ನಮ್ಮ ಕಾಲೋನಿಗೆ ಯಾವಾಗ ಬಂತು, ಯಾರು ತಂದರು ಅಂತ ಎಷ್ಟು ವರ್ಷದಿಂದ ಕೇಳ್ತಿದ್ದೆ. ಒಬ್ಬರೂ ನೆಟ್ಟಗೆ ಹೇಳಿರಲಿಲ್ಲ. ನಮ್ಮ ಮನೆ ಗೋಡೆ ಹೊಟ್ಟೆಯಲ್ಲೇ ಇಟ್ಟುಕೊಂಡು ಕೂತಿತ್ತು.

ಫೋನ್ ಆನ್ ಮಾಡಿ ಅವ್ವನ್ನ ಕರೆದೆ. ಅವ್ವ ಬಂದು ನೋಡಿ, "ಓ ಇದಾ, ರಾತ್ರಿ ಹೊತ್ತು ಲಾಟೀನು ಇಟ್ಕಂಡು ಬರೆದ್ರು ಕಣಪ್ಪ. ನಾಲ್ಕು ಹುಡುಗ್ರು. ಬಣ್ಣ ಕಲಸಾಕೆ ನನ್ನ ಹತ್ರನೇ ನೀರು ಈಸ್ಕಂಡ್ರು. ಮಾರನೇ ದಿನ ಊರೋರು ಬಂದು ಯಾರು ಬರ್ದಿದ್ದು ಅಂತ ನಿಮ್ಮಪ್ಪನ್ನ ಕೇಳುದ್ರು. ನಂಗೆ ಓದಾಕೆ ಬರಕಿಲ್ಲ ಸ್ವಾಮಿ, ಯಾರ್ ಬರುದ್ರೋ ಏನೋ ಅಂದ್ರು" ಅಂತ ನಕ್ಕಳು. ಅಳಿಸಿದ್ದು ಯಾಕವ್ವ ಅಂದ್ರೆ, "ಅಳಿಸ್ಲಿಲ್ಲ. ನಿಮ್ಮಕ್ಕನ ಮದುವೆಗೆ ಸುಣ್ಣ ಹೊಡ್ಸುದ್ವಿ." ಹನ್ನೊಂದು ನಿಮಿಷದ ವಿಡಿಯೊ ಅದು. ಮಧ್ಯೆ ಸುತ್ತಿಗೆ ಶಬ್ದ, ನಾಯಿ ಬೊಗಳೋದು, ಅವ್ವ ಎರಡು ಸಲ ನೀರು ಕುಡಿಯೋದು, ಎಲ್ಲ ಇದೆ. ಮಾರನೇ ದಿನ ಆ ಗೋಡೆ ಬಿತ್ತು. ನಮ್ಮ ಕಾಲೋನಿಯ ಚಳವಳಿಗೆ ಈಗ ಇರುವ ಸಾಕ್ಷಿ ಆ ಹನ್ನೊಂದು ನಿಮಿಷ ಮಾತ್ರ. ಇದು ಶೋಕಿ ಅನ್ನೋದಾದ್ರೆ ಅನ್ನಿ.

2018ರಲ್ಲಿ ಹೆಬ್ಬಾಳದಲ್ಲಿ ನೆಲ ಅಗೆದಾಗ ಕಿತ್ತಯ್ಯ ಅನ್ನೋನ ವೀರಗಲ್ಲು ಸಿಕ್ತು, ನೆನಪಿರಬಹುದು. ಕ್ರಿ.ಶ. 750ರ ಸುಮಾರಿನದು, ಬೆಂಗಳೂರಿನಲ್ಲಿ ಈವರೆಗೆ ಸಿಕ್ಕ ಕನ್ನಡ ಶಾಸನಗಳಲ್ಲೇ ಹಳೇದು ಅಂತಾರೆ. ಶಾಸನಗಳ ಮೇಲೆ ಆಸಕ್ತಿ ಇದ್ದ ನಗರದ ಜನ ಸೇರಿ ಅದಕ್ಕೊಂದು ಮಂಟಪ ಕಟ್ಟಿಸಿದರು. ಅಗೆದಾಗ ಸಿಕ್ಕಿದ್ದು ಕಲ್ಲು, ಹಾಗಾಗಿ ಉಳೀತು. ನಮ್ಮ ಗೋಡೆಬರಹ ಇದ್ದದ್ದು ಸುಣ್ಣದ ಮೇಲೆ. ಅದಕ್ಕೆ ಫೋನೇ ಮಂಟಪ.

ಜಾಗ ಕಳಕೊಂಡವರು ಬೇರೆ ಕಡೆ ಏನು ಮಾಡಿದ್ದಾರೆ ಅಂತ ಓದ್ತಿದ್ದೆ. ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ಡಿಸ್ಟ್ರಿಕ್ಟ್ ಸಿಕ್ಸ್ ಅಂತ ಒಂದು ಪ್ರದೇಶ. 1966ರಲ್ಲಿ ಅಲ್ಲಿನ ವರ್ಣಭೇದ ಸರ್ಕಾರ ಇದು ಬಿಳಿಯರ ಜಾಗ ಅಂತ ಘೋಷಿಸಿ, 60,000ಕ್ಕೂ ಹೆಚ್ಚು ಜನರನ್ನ ಎಬ್ಬಿಸಿ, ಮನೆಗಳನ್ನ ನೆಲಸಮ ಮಾಡಿತು. 1994ರಲ್ಲಿ ಅದರ ನೆನಪಿಗೆ ಮ್ಯೂಸಿಯಂ ತೆರೆದಾಗ ನೆಲದ ಮೇಲೆ ಹಳೇ ಬೀದಿಗಳ ದೊಡ್ಡ ನಕ್ಷೆ ಹಾಸಿದರು. ಹಿಂದೆ ಅಲ್ಲಿದ್ದವರು ಬಂದು ತಮ್ಮ ಮನೆ ಇದ್ದ ಜಾಗದಲ್ಲಿ ಹೆಸರು ಬರೆದರು. ಮನೆ ಹೋದ ಮೇಲೆ ನೆನಪಿಂದ ಬರೆದದ್ದು ಅದು. ನಮಗೆ ಮನೆ ಇರುವಾಗಲೇ, ಕೈಯಲ್ಲಿ ಕ್ಯಾಮೆರಾ ಇರುವಾಗಲೇ ಮಾಡುವ ಅವಕಾಶ ಇದೆ.

ಇನ್ನು ಕಾಗದದ ವಿಚಾರ. ನಾನು ಗುಮಾಸ್ತ, ಇದನ್ನ ಹೇಳದೆ ಬಿಡೋಕಾಗಲ್ಲ. ಕಾಲೋನಿಯ ಎಷ್ಟೋ ಮನೆಗಳಲ್ಲಿ ಹಕ್ಕುಪತ್ರ ಗೆದ್ದಲು ತಿಂದಿದೆ, ಇಲ್ಲವೇ ಬಡ್ಡಿಯವರ ಹತ್ರ ಇದೆ, ಇಲ್ಲವೇ ತಾತನ ಹೆಸರಲ್ಲೇ ನಿಂತಿದೆ. ಈಗ ಇ-ಖಾತೆಗೆ ಅರ್ಜಿ ಹಾಕೋಕೆ ಹೋದರೆ ಆಸ್ತಿಯ ಫೋಟೊನೂ ಕೇಳ್ತಾರೆ. ಫೋಟೊ ಇದ್ದ ಮಾತ್ರಕ್ಕೆ ಮಾಲೀಕತ್ವ ಬರಲ್ಲ, ಹಕ್ಕುಪತ್ರದ ಬದಲಿಗೆ ನಿಲ್ಲಲ್ಲ, ಅದು ತಲೆಯಲ್ಲಿರಲಿ. ಆದರೆ ನಾಳೆ ಯಾರೋ ಬಂದು ಈ ಮನೆ ಹೋದ ವರ್ಷ ಎದ್ದದ್ದು, ಇದು ಒತ್ತುವರಿ ಅಂದರೆ, ಹಳೇ ಗೋಡೆ, ಹಳೇ ಚಪ್ಪಡಿ, ಕರೆಂಟು ಮೀಟರಿನ ಆರ್‌ಆರ್ ನಂಬರು, ಪಕ್ಕದ ಮನೆಗೆ ಹಂಚಿಕೊಂಡ ಗೋಡೆ, ಇದೆಲ್ಲ ತಾರೀಕಿನ ಸಮೇತ ಇದ್ದರೆ ವಾದ ಮಾಡೋಕೆ ಒಂದು ನೆಲ ಸಿಗುತ್ತೆ. ರಿಪೇರಿ ಅಂತ ಹಳೇದನ್ನ ಪೂರ್ತಿ ಒಡೆದು ಹೊಸದು ಕಟ್ಟಿದಾಗ ನಮ್ಮ ಹತ್ತಿರ ಇದ್ದ ಹಳೇ ಸಾಕ್ಷಿಯನ್ನ ನಾವೇ ಲಾರಿಗೆ ತುಂಬಿ ಕಳಿಸ್ತಿರ್ತೀವಿ.

ಅದಕ್ಕೆ ಕೆಲವು ಮಾತು. ವಾಟ್ಸಾಪಲ್ಲಿ ಫೋಟೊ ಥರ ಕಳಿಸಿದರೆ ಅದು ಕುಗ್ಗುತ್ತೆ, ಒಳಗಿರೋ ಜಾಗದ ಮಾಹಿತಿನೂ ಉದುರಿಹೋಗುತ್ತೆ. ಡಾಕ್ಯುಮೆಂಟ್ ಅಂತ ಕಳಿಸಿ. ಮೂಲ ಫೈಲನ್ನ ಅಳಿಸಬೇಡಿ, ಎಡಿಟ್ ಮಾಡೋದಾದ್ರೆ ಪ್ರತಿಯ ಮೇಲೆ ಮಾಡಿ. 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಇಂಥ ಫೈಲನ್ನ ಕೋರ್ಟಿಗೆ ಕೊಡುವಾಗ ಫೋನಿನ ವಿವರ, ಹ್ಯಾಶ್ ಮೌಲ್ಯ ಇರುವ ಪ್ರಮಾಣಪತ್ರ ಬೇಕು. ಪೇಜಿಗೆ ಹಾಕಿದ ರೀಲ್ಸ್ ಒಂದನ್ನೇ ನಂಬಿ ಕೂತರೆ ಕಷ್ಟ. 2020ರ ಜೂನ್ 29ರ ರಾತ್ರಿ ಟಿಕ್‌ಟಾಕ್ ನಿಂತಾಗ ನಮ್ಮ ಎಷ್ಟು ಹುಡುಗ ಹುಡುಗಿಯರ ವಿಡಿಯೊ ಒಟ್ಟಿಗೆ ಹೋದವು ಅಂತ ನೆನಪು ಮಾಡಿಕೊಳ್ಳಿ. ಪೇಜು ನಮ್ಮದಲ್ಲ, ಪೆನ್‌ಡ್ರೈವ್ ನಮ್ಮದು. ಎರಡು ಪ್ರತಿ ಮಾಡಿ, ಒಂದನ್ನ ಬೇರೆ ಮನೆಯಲ್ಲಿಡಿ. ಇನ್ನು ಹಕ್ಕುಪತ್ರದ ನಂಬರು, ಆಧಾರ್ ಕಾರ್ಡು, ಮನೆ ಹೆಣ್ಣುಮಕ್ಕಳು ಮಲಗೋ ಜಾಗ, ಇವನ್ನ ಪೇಜಿಗೆ ಹಾಕಲೇಬೇಡಿ. ಅವು ಪೆನ್‌ಡ್ರೈವಿಗೆ.

ಕೆಲಸದವರ ಮಾತು ಬರಲೇಬೇಕು. ತೊಟ್ಟಿ ಮನೆ ವಿಡಿಯೊಗಳಲ್ಲಿ ಗಾರೆಯವರು ಇರುವೆ ಥರ ಓಡಾಡ್ತಾರೆ, ಫಾಸ್ಟ್ ಫಾರ್ವರ್ಡ್ ಮಾಡಿರ್ತಾರಲ್ಲ. ಮುಖ ಕಾಣಲ್ಲ, ಮಾತು ಕೇಳಲ್ಲ. ನಮ್ಮ ಮನೆಗೆ ಬಂದಿರೋದು ಯಾದಗಿರಿ ಕಡೆಯ ಗಂಡ ಹೆಂಡತಿ. ಮುಖ ಹಾಕಲಾ ಬೇಡವಾ ಅಂತ ಮೊದಲ ದಿನವೇ ಕೇಳಿದೆ. ಗಂಡ ಸುಮ್ಮನಿದ್ದ, ಹೆಂಡತಿ "ನನ್ನ ಮಾರಿ ಬರಂಗ ತಗೀರಿ ಅಣ್ಣಾರ, ಊರಾಗ ಮಕ್ಕಳು ನೋಡ್ತಾವ" ಅಂದಳು. ಬರೋ ಥರವೇ ತೆಗೆದೆ. ಇದರಲ್ಲೂ ಒಂದು ಕಾಗದದ ಲಾಭ ಇದೆ. ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡು ಆಗಬೇಕಾದರೆ ಹಿಂದಿನ ಒಂದು ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ ದೃಢೀಕರಣ ಬೇಕು. ಇವತ್ತು ಹೆಬ್ಬಾಳ, ನಾಳೆ ಯಶವಂತಪುರ ಅಂತ ಅಡ್ಡಾದಲ್ಲಿ ನಿಂತು ಕೆಲಸ ಹಿಡಿಯೋರು ಅದನ್ನ ಯಾರಿಂದ ತರಬೇಕು? ಮನೆ ಕಟ್ಟಿಸೋ ನಮ್ಮಂಥವರು ದಿನಕ್ಕೊಂದು ಫೋಟೊ, ಒಂದು ಹಾಜರಿ ಪುಸ್ತಕ ಇಟ್ಟರೆ, ನಮ್ಮಲ್ಲಿ ದುಡಿದ ದಿನಗಳ ಲೆಕ್ಕವನ್ನಾದರೂ ಸುಳ್ಳಿಲ್ಲದೆ ಬರೆದುಕೊಡಬಹುದು. ಶೋಷಣೆ ಬಗ್ಗೆ ಭಾಷಣ ಮಾಡಿ ಬಂದು, ನಮ್ಮ ಮನೆ ಗಾರೆಯವರ ಹೆಸರೂ ಕೇಳದೆ ಇರೋರು ನಮ್ಮಲ್ಲೂ ಇದ್ದಾರೆ. ಬೇಜಾರಾದರೆ ಆಗಲಿ.

ಕಣ್ಣು ಬೀಳುತ್ತೆ ಅನ್ನೋರಿಗೆ ನನ್ನ ಹತ್ರ ಪೂರ್ತಿ ಉತ್ತರ ಇಲ್ಲ. ದೃಷ್ಟಿಯ ಮಾತಲ್ಲ, ಜಾತಿಯ ಕಣ್ಣು. ಆರ್.ಟಿ. ನಗರದಲ್ಲಿ ಬಾಡಿಗೆಗಿರುವ ನಮ್ಮ ಹುಡುಗನೊಬ್ಬ ಓನರ್ ಬರ್ತಾರೆ ಅಂದರೆ ಬಾಬಾಸಾಹೇಬರ ಫೋಟೊನ ಬೀರು ಹಿಂದೆ ಇಡ್ತಾನೆ. 1917ರಲ್ಲಿ ಬರೋಡಾದಲ್ಲಿ ಸ್ವತಃ ಬಾಬಾಸಾಹೇಬರನ್ನೇ, ಜಾತಿ ಗೊತ್ತಾಯ್ತು ಅಂತ, ಹನ್ನೊಂದನೇ ದಿನ ದೊಣ್ಣೆ ಹಿಡಿದು ಬಂದು ಪಾರ್ಸಿ ವಸತಿಗೃಹದಿಂದ ಹೊರಗೆ ಹಾಕಿದರು. ನೂರು ವರ್ಷದ ಮೇಲಾಯ್ತು. ಈಗ ದೊಣ್ಣೆ ಇಲ್ಲ, ವೆಜ್ಜಾ ನಾನ್‌ವೆಜ್ಜಾ ಅಂತ ಕೇಳ್ತಾರೆ. ಅಂಥವನಿಗೆ ನೀನಿರೋ ಮನೆ ತೋರಿಸು ಅಂತ ನಾನು ಹೇಳಲ್ಲ, ಹೇಳೋ ಹಕ್ಕೂ ನನಗಿಲ್ಲ. ಸ್ವಂತ ಮನೆ ಇರುವ ನಾವು ತೋರಿಸಬಹುದು. ನಮ್ಮ ಗೂಡಿನಲ್ಲಿ ಆ ಫೋಟೊ ಇದ್ದಲ್ಲೇ ಇದೆ, ಪ್ರತಿ ವಿಡಿಯೊದಲ್ಲೂ ಬರುತ್ತೆ.

ಟೈಲ್ಸ್ ವಿಡಿಯೊಗೆ ಬಂದ ಮೆಸೇಜ್‌ಗಳಲ್ಲಿ ಒಂದು, "ನಿಮಗೇನ್ರೀ, ಮೀಸಲಾತಿ ದುಡ್ಡು" ಅಂತ. ಸೋರೋ ಚಪ್ಪಡಿ ಹಾಕಿದಾಗ ಇದೇ ಮನುಷ್ಯ ಅಯ್ಯೋ ಪಾಪ ಅಂದಿದ್ದ. ನಮ್ಮ ಮನೆ ಸೋರ್ತಿದ್ರೆ ಎಲ್ಲರಿಗೂ ಕನಿಕರ, ಸೋರೋದು ನಿಂತರೆ ಲೆಕ್ಕ ಕೇಳ್ತಾರೆ. ಅದು ಅವರ ಮಾತಾಯ್ತು. ನಮ್ಮವರೇ, ಚಳವಳಿಯವನ ಮನೆ ಹೀಗೇ ಇರಬೇಕು, ಸಪ್ಪಗಿರಬೇಕು ಅಂದರೆ ಅದನ್ನ ನಾನು ಒಪ್ಪಲ್ಲ. ಬಾಬಾಸಾಹೇಬರು ದಾದರ್‌ನಲ್ಲಿ ರಾಜಗೃಹ ಕಟ್ಟಿಸಿದರು, ಸಾವಿರಾರು ಪುಸ್ತಕಕ್ಕೆ ಜಾಗ ಬೇಕು ಅಂತ ಕಟ್ಟಿಸಿದರು, ಚೆನ್ನಾಗಿಯೇ ಕಟ್ಟಿಸಿದರು. 2020ರ ಜುಲೈನಲ್ಲಿ ಕಿಡಿಗೇಡಿಗಳು ಅಲ್ಲಿ ಹೂಕುಂಡ ಒಡೆದು ಹಾಳು ಮಾಡಿದಾಗ ನಾವೆಲ್ಲ ಬೀದಿಗಿಳಿದೆವಲ್ಲ, ಅದು ಮನೆ ಅಂತಲೇ ಅಲ್ಲವಾ? ಲಂಡನ್ನಿನ ಕಿಂಗ್ ಹೆನ್ರೀಸ್ ರಸ್ತೆಯ 10ನೇ ನಂಬರಿನ ಮನೆ, 1921-22ರಲ್ಲಿ ಅವರು ಇದ್ದದ್ದು. 2015ರಲ್ಲಿ ಮಹಾರಾಷ್ಟ್ರ ಸರ್ಕಾರ ಕೊಂಡು ಮ್ಯೂಸಿಯಂ ಮಾಡಿತು. ಅದು ಜನ ವಾಸ ಮಾಡೋ ರಸ್ತೆ, ಮ್ಯೂಸಿಯಂ ಬೇಡ ಅಂತ ಅಲ್ಲಿನ ಸ್ಥಳೀಯ ಆಡಳಿತ ಅನುಮತಿ ನಿರಾಕರಿಸಿತು, ತಕರಾರು ನಡೆದು 2020ರಲ್ಲಿ ಒಪ್ಪಿಗೆ ಸಿಕ್ತು. ನಮ್ಮ ಮನೆಗಳನ್ನ ಉಳಿಸಿಕೊಳ್ಳೋಕೆ ಲಂಡನ್ನಿನಲ್ಲೂ ಅರ್ಜಿ ಹಾಕಬೇಕು, ಯಲಹಂಕದಲ್ಲೂ ಹಾಕಬೇಕು.

ಬಚ್ಚಲುಮನೆ ಟೈಲ್ಸ್ ಮಾತಿಗೆ ಬರ್ತೀನಿ. ಆ ಹಿರಿಯರು ಗಂಡಸರು, ಅದಕ್ಕೆ ಅವರಿಗೆ ಅದು ಶೋಕಿ ಅನ್ನಿಸ್ತು. ನಮ್ಮ ಅವ್ವ, ಅಕ್ಕ ಎಷ್ಟು ವರ್ಷ ಬೆಳಕು ಹರಿಯೋ ಮೊದಲು ಎದ್ದು, ಹಿತ್ತಲಲ್ಲಿ ಎರಡು ಸೀರೆ ಕಟ್ಟಿಕೊಂಡು ಸ್ನಾನ ಮಾಡಿದರು ಅಂತ ಅವರ ಮನೆ ಹೆಂಗಸರನ್ನ ಕೇಳಿದರೆ ಗೊತ್ತಾಗುತ್ತೆ. ಬಾಗಿಲಿಗೆ ಒಳಗಿನಿಂದ ಚಿಲಕ ಇರುವ ಬಚ್ಚಲು ಈ ಮನೆಗೆ ಇದೇ ಮೊದಲು. ಟೈಲ್ಸ್ ಬಣ್ಣ ಅವ್ವನೇ ಆರಿಸಿದ್ದು. ನೀಲಿ.

ಬರೋ ಭಾನುವಾರ ಬೆಳಗ್ಗೆ ಏಳಕ್ಕೆ ನಮ್ಮನೆ ಮೋಲ್ಡು. ಅದರ ಹಿಂದಿನ ದಿನ, ಶನಿವಾರ, ಎರಡನೇ ಸಾಲಿನಲ್ಲಿ ನಮ್ಮ ದೊಡ್ಡಮ್ಮನ ಮನೆ ಒಡೀತಾರೆ. ಅದೂ ಇದೇ ಕಾಲದ್ದು, ಚಪ್ಪಡಿ ಇನ್ನೂ ಕೂತಿದೆ. ಒಳಗೆ ಕತ್ತಲೆ, ಒಬ್ಬರು ಟಾರ್ಚ್ ಹಿಡೀಬೇಕು, ಇನ್ನೊಬ್ಬರು ದೊಡ್ಡಮ್ಮನ ಹತ್ರ ಕೂತು ಮಾತಾಡಿಸ್ತಾ ಇರಬೇಕು. ಬರೋರು ಫೋನ್ ಚಾರ್ಜ್ ಮಾಡ್ಕೊಂಡು ಒಂಬತ್ತರೊಳಗೆ ಬನ್ನಿ. ತಿಂಡಿ ನಮ್ಮನೇಲಿ.